ಮಾಳಿಗೆ ಮೇಲೆ ಹಾರ್ಲೆಮ್‌ನ ಆಕಾಶ: ನಕಲು ಮಾಡುತ್ತಾ ಎಣ್ಣೆಬಣ್ಣ ಕಲಿಯುವುದು

ಎಣ್ಣೆಬಣ್ಣ ಕಲಿಸಿ ಅಂತ ನನ್ನ ಹತ್ತಿರ ಬರುವವರಿಗೆ ಮೊದಲ ದಿನವೇ ಮುಖ ಬಿಡಿಸಬೇಕು. ಅಪ್ಪನ ಫೋಟೊ ತರುತ್ತಾರೆ, ಇಲ್ಲವೇ ಮನೆದೇವರ ಫೋಟೊ. ನಾನು ಅದನ್ನು ಪಕ್ಕಕ್ಕಿಟ್ಟು, ಹಾರ್ಲೆಮ್ ಅನ್ನುವ ಡಚ್ ಊರಿನ ಹಳೇ ಚಿತ್ರದ ಪ್ರಿಂಟ್ ಒಂದನ್ನು ಮುಂದಿಡುತ್ತೇನೆ. ಮೂರರಲ್ಲಿ ಎರಡು ಪಾಲು ಬರೀ ಆಕಾಶ. ಕೆಳಗೆ ಚಪ್ಪಟೆ ಬಯಲು. ದೂರದಲ್ಲಿ ಸಣ್ಣಗೆ ಊರು, ಊರಿನ ನಡುವೆ ಒಂದು ದೊಡ್ಡ ಕಟ್ಟಡ. ಅಷ್ಟೇ. ಹೆಚ್ಚಿನವರ ಮುಖ ಸಪ್ಪಗಾಗುತ್ತದೆ. ಒಮ್ಮೆ ಪಕ್ಕದ ಮನೆಯ ಕಾಕಾ ಇಣುಕಿ ನೋಡಿ, "ಇದೇನೋ, ಹೊಲದಾಗ ಧೋತರ ಒಣಾ ಹಾಕ್ಯಾರಲ್ಲೋ?" ಅಂದರು. ಅವರು ಹೇಳಿದ್ದು ಸರಿಯೇ ಇತ್ತು. ಬಯಲಿನಲ್ಲಿ ಹಾಸಿರುವುದು ಬಟ್ಟೆಯೇ.

ನಾನು ವಿಜಯಪುರದಲ್ಲಿ ಬೋರ್ಡ್ ಬರೆಯುತ್ತಿದ್ದವನು. ತಗಡಿನ ಮೇಲೆ ಎನಾಮೆಲ್. ಕಿರಾಣಿ ಅಂಗಡಿ, ಖಾನಾವಳಿ, ಲಾರಿಯ ಹಿಂದಿನ ಸಾಲು, ಎಲ್ಲಾ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಕಮ್ಮಿ ಆಯಿತು. ಈಗ ಮಾಳಿಗೆ ಮೇಲೆ ನಾಲ್ಕೈದು ಜನರಿಗೆ ಎಣ್ಣೆಬಣ್ಣ ಹೇಳಿಕೊಡುತ್ತೇನೆ. ಬೋರ್ಡಿನ ಕೆಲಸ ಗೊತ್ತಿದ್ದವನಿಗೆ ನಕಲು ಅಂದರೆ ನಾಚಿಕೆ ಇಲ್ಲ. ಯೂರೋಪಿನಲ್ಲೂ ಕಲಿತದ್ದು ಹಾಗೇ. ಚಿತ್ರಕಾರ ರೂಬೆನ್ಸ್ ಅಷ್ಟು ದೊಡ್ಡ ಹೆಸರು ಮಾಡಿದ ಮೇಲೂ ಮ್ಯಾಡ್ರಿಡ್‌ನಲ್ಲಿ ಕೂತು, ತನಗಿಂತ ಹಿಂದಿನ ಚಿತ್ರಕಾರ ಟಿಷಿಯನ್‌ನ ಚಿತ್ರಗಳನ್ನು ನಕಲು ಮಾಡಿದ.

ಈಗ ಆ ಚಿತ್ರದ ವಿಷಯ. ಬಿಡಿಸಿದವನು ಯಾಕೊಬ್ ವಾನ್ ರೈಸ್‌ಡಾಲ್, ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್ ಊರಿನವನು. ತನ್ನ ಊರನ್ನೇ ದೂರದ ಮರಳು ದಿಬ್ಬದ ಮೇಲಿಂದ ನೋಡಿ ಬಿಡಿಸಿದ್ದಾನೆ, ಸುಮಾರು 1670ರಿಂದ 1675ರ ನಡುವೆ. ಈಗ ಅದು ಹೇಗ್ ನಗರದ ಮಾರಿತ್ಸ್‌ಹೌಸ್ ಮ್ಯೂಸಿಯಂನಲ್ಲಿದೆ. ಎತ್ತರ 55.5 ಸೆಂ.ಮೀ., ಅಗಲ 62 ಸೆಂ.ಮೀ. ನಮ್ಮ ಖಾನಾವಳಿ ಬೋರ್ಡಿನ ಮುಂದೆ ಏನೂ ಅಲ್ಲ. ಆದರೆ ಅಷ್ಟರಲ್ಲೇ ಮೈಲಿಗಟ್ಟಲೆ ಬಯಲು ಹಿಡಿದಿದ್ದಾನೆ.

ಬರೋಕ್ ಕಾಲದ, ಅಂದರೆ 17ನೇ ಶತಮಾನದ ಸುಮಾರಿನ, ಬೇರೆ ನಿಸರ್ಗ ಚಿತ್ರಗಳೂ ಬೇಕಾದಷ್ಟಿವೆ. ರೋಮಿನಲ್ಲಿದ್ದ ಕ್ಲೋಡ್ ಲೊರೇನ್‌ನ ಬಂದರುಗಳು ಬಹಳ ಚಂದ. ಆದರೆ ಅವನು ಸೂರ್ಯನನ್ನೇ ಚಿತ್ರದೊಳಗೆ ಇಡುತ್ತಾನೆ, ಬಣ್ಣ ಪದರ ಪದರವಾಗಿ ತೆಳ್ಳಗೆ ಕರಗುತ್ತದೆ. ಮೊದಲ ಸಲಕ್ಕೆ ಅದು ಬೇಡ. ಇನ್ನೊಬ್ಬ ಡಚ್ ಚಿತ್ರಕಾರ ಹೊಬ್ಬೆಮಾನ ಮರಗಳಲ್ಲಿ ಎಲೆ ಎಣಿಸುತ್ತಾ ಕೂತುಬಿಡುತ್ತೀರಿ. ರೈಸ್‌ಡಾಲ್‌ನ ಈ ಚಿತ್ರದಲ್ಲಿ ಕಲಿಯಬೇಕಾದದ್ದು ಒಂದೇ: ನೆರಳು ಎಲ್ಲಿ ಬಿತ್ತು, ಬೆಳಕು ಎಲ್ಲಿ ಉಳಿಯಿತು. ಅದಕ್ಕೇ ನಾನು ಇದನ್ನೇ ಕೊಡುವುದು.

ಇನ್ನೊಂದು ಕಾರಣ ನಮ್ಮೂರಿನದು. ಗೋಲಗುಮ್ಮಟ ಮುಗಿದದ್ದು 1656ರಲ್ಲಿ. ಅಲ್ಲಿ ರೈಸ್‌ಡಾಲ್ ಈ ಚಿತ್ರ ಬಿಡಿಸುವ ಹೊತ್ತಿಗೆ ಇಲ್ಲಿ ಸಿಕಂದರ್ ಆದಿಲ್ ಷಾ ಇನ್ನೂ ಸಣ್ಣ ಹುಡುಗ, ಪಟ್ಟಕ್ಕೆ ಕೂರಿಸಿದ್ದರು. ಹಾರ್ಲೆಮ್‌ನ ಸಂತ ಬಾವೊ ಚರ್ಚು ಬಯಲಿನ ಅಂಚಿನಲ್ಲಿ ಎದ್ದು ಕಾಣುವ ಹಾಗೇ ನಮ್ಮ ಗುಮ್ಮಟವೂ ಊರಿಗೆ ಬರುವ ಯಾವ ರಸ್ತೆಯಿಂದಲಾದರೂ ಮೊದಲು ಕಾಣುತ್ತದೆ. ಅದಕ್ಕೂ ಮುಂಚೆ, 2ನೇ ಇಬ್ರಾಹಿಂ ಆದಿಲ್ ಷಾನ ಆಸ್ಥಾನದಲ್ಲಿ ಕಾರ್ನೆಲಿಸ್ ಹೇಡಾ ಅಂತ ಒಬ್ಬ ಚಿತ್ರಕಾರನಿದ್ದ. ಅವನೂ ಹಾರ್ಲೆಮ್‌ನವನೇ. ಅಲ್ಲಿಂದ ಪ್ರಾಗ್, ಪರ್ಷಿಯಾ ಎಲ್ಲಾ ಸುತ್ತಿ ಬಿಜಾಪುರಕ್ಕೆ ಬಂದು ಸೇರಿದ್ದ. ಇದನ್ನು ಹೇಳಿದರೆ ಹುಡುಗರು ಪ್ರಿಂಟನ್ನು ಇನ್ನೊಮ್ಮೆ ನೋಡುತ್ತಾರೆ.

ಅಗಸೆ, ಕುಸುಬೆ ಮತ್ತು ಉಳಿದ ಸಾಮಾನು

ಕಾಕಾ ಹೇಳಿದ ಧೋತರಕ್ಕೆ ಬರುತ್ತೇನೆ. ಅದು ಲಿನನ್ ಬಟ್ಟೆ. ಲಿನನ್ ಅಂದರೆ ಅಗಸೆ ಗಿಡದ ನಾರಿನಿಂದ ನೇಯ್ದದ್ದು. ಹಾರ್ಲೆಮ್‌ನ ಸುತ್ತ ಅದನ್ನು ಬಿಳುಪು ಮಾಡುವ ದೊಡ್ಡ ಉದ್ಯೋಗ ಇತ್ತು. ಬೂದಿಯ ಕ್ಷಾರದಲ್ಲಿ ಕುದಿಸಿ, ಮಜ್ಜಿಗೆಯಲ್ಲಿ ನೆನೆಹಾಕಿ, ಹುಲ್ಲಿನ ಮೇಲೆ ಉದ್ದಕ್ಕೂ ಹಾಸಿ, ನೀರು ಚಿಮುಕಿಸುತ್ತಾ ಬಿಸಿಲಿಗೆ ಬಿಡುತ್ತಿದ್ದರು. ಅದೇ ಅಗಸೆಯ ಬೀಜದಿಂದ ತೆಗೆದ ಎಣ್ಣೆಯಲ್ಲಿ ಬಣ್ಣ ಅರೆಯುತ್ತಿದ್ದರು. ಅದೇ ಲಿನನ್‌ನ್ನು ಚೌಕಟ್ಟಿಗೆ ಬಿಗಿದು ಅದರ ಮೇಲೆ ಬಿಡಿಸುತ್ತಿದ್ದರು. ನಮ್ಮ ಕಡೆ ಎರಿ ಹೊಲದಲ್ಲಿ ಬೆಳೆಯುವ ಅಗಸಿಯೂ ಅದೇ ಗಿಡವೇ. ನಾವು ಅದನ್ನು ಹುರಿದು ಹಿಂಡಿ ಮಾಡಿ ರೊಟ್ಟಿ ಜೊತೆ ತಿನ್ನುತ್ತೇವೆ, ಅಷ್ಟೇ ವ್ಯತ್ಯಾಸ.

ಇದನ್ನು ಕೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಹಂಗಾದ್ರ ಗಾಣದ ಅಗಸಿ ಎಣ್ಣಿ ನಡೀತದೇನ್ರೀ ಸರ್?" ನಡೆಯುವುದಿಲ್ಲ ಅಂತಲ್ಲ, ಆದರೆ ಬೇಡ. ಗಾಣದ ಎಣ್ಣೆಯಲ್ಲಿ ಲೋಳೆ ಇರುತ್ತದೆ, ಒಣಗುವುದು ನಿಧಾನ, ಹಳದಿಯೂ ಜಾಸ್ತಿ ಆಗುತ್ತದೆ. ಚಿತ್ರಕ್ಕೆ ಅಂತ ಶೋಧಿಸಿದ ಲಿನ್‌ಸೀಡ್ ಎಣ್ಣೆಯ ಸಣ್ಣ ಬಾಟಲಿ ತನ್ನಿ, ಬಹಳ ದಿನ ಬರುತ್ತದೆ. ಕುಸುಬೆ ಎಣ್ಣೆಯನ್ನೂ ಚಿತ್ರಕಾರರು ಬಳಸುತ್ತಾರೆ. ಅದು ಹಳದಿ ಆಗುವುದು ಕಮ್ಮಿ, ಅದಕ್ಕೇ ಬಿಳಿ ಬಣ್ಣವನ್ನು ಹಲವು ಕಂಪನಿಗಳು ಅದರಲ್ಲೇ ಅರೆಯುತ್ತವೆ. ಆದರೆ ಅಡುಗೆಮನೆಯ ಕುಸುಬೆ ಎಣ್ಣೆ ಕೆಡದೇ ಇರಲಿ ಅಂತ ಏನೇನೋ ಸೇರಿಸಿರುತ್ತಾರೆ, ಅದು ಒಣಗುವುದು ಕಷ್ಟ. ಶೇಂಗಾ ಎಣ್ಣೆಯಂತೂ ಒಣಗುವ ಎಣ್ಣೆಯೇ ಅಲ್ಲ. ವರ್ಷವಾದರೂ ಅಂಟಂಟಾಗಿಯೇ ಇರುತ್ತದೆ.

ಬಣ್ಣ ಆರೇಳು ಸಾಕು. ಟೈಟೇನಿಯಂ ವೈಟ್ ದೊಡ್ಡ ಟ್ಯೂಬು, ಉಳಿದವು ಸಣ್ಣವು: ಯೆಲ್ಲೋ ಓಕರ್ (ಹಳದಿ ಮಣ್ಣಿನ ಬಣ್ಣ), ರಾ ಅಂಬರ್ (ಕಂದು ಮಣ್ಣಿನದು), ಬರ್ನ್ಟ್ ಸಿಯೆನ್ನಾ (ಕೆಂಗಂದು ಮಣ್ಣಿನದು), ಅಲ್ಟ್ರಾಮರೀನ್ ಬ್ಲೂ, ಐವರಿ ಬ್ಲ್ಯಾಕ್. ಮನೆಗಳ ಹೆಂಚಿಗೆ ಬೇಕಾದರೆ ಒಂದು ಕೆಂಪು. ಕ್ಯಾಮೆಲ್‌ನ ಆರ್ಟಿಸ್ಟ್ ಟ್ಯೂಬುಗಳೇ ಕಲಿಯಲು ಸಾಕು. ಅಂಗಡಿಯವರು ಝಿಂಕ್ ವೈಟ್ ಕೊಟ್ಟರೆ ವಾಪಸ್ ಕೊಡಿ, ಅದರ ಪದರ ವರ್ಷ ಕಳೆದ ಹಾಗೆ ಬಿರಿಯುತ್ತದೆ. ಹಸಿರು ಟ್ಯೂಬು ಕೊಳ್ಳಲೇಬೇಡಿ. ಕಪ್ಪಿಗೆ ಹಳದಿ ಮಣ್ಣಿನ ಬಣ್ಣ ಬೆರೆಸಿ ನೋಡಿ, ಮಂಕು ಹಸಿರು ಬರುತ್ತದೆ. ಈ ಚಿತ್ರಕ್ಕೆ ಬೇಕಾದದ್ದು ಅದೇ ಹಸಿರು.

ಆಗಿನವರ ಬಣ್ಣ ಬೇರೆ ಇತ್ತು. ಬಿಳಿಗೆ ಸೀಸ ಬಳಸುತ್ತಿದ್ದರು. ಅದು ವಿಷ, ನಮಗೆ ಬೇಡ. ಟೈಟೇನಿಯಂ ಬಿಳಿ ಬಂದದ್ದು 20ನೇ ಶತಮಾನದಲ್ಲಿ. ಪ್ರಷ್ಯನ್ ನೀಲಿಯೂ ರೈಸ್‌ಡಾಲ್ ತೀರಿಕೊಂಡ ಮೇಲೆ ಬಂದದ್ದು. ಅವನು ಸತ್ತದ್ದು 1682ರಲ್ಲಿ, ಪ್ರಷ್ಯನ್ ನೀಲಿ 18ನೇ ಶತಮಾನದ ಶುರುವಿನದು. ಆ ಕಾಲದಲ್ಲಿ ಅಗ್ಗದ ನೀಲಿ ಅಂದರೆ ಸ್ಮಾಲ್ಟ್, ಅಂದರೆ ಕೋಬಾಲ್ಟ್ ಹಾಕಿ ಮಾಡಿದ ನೀಲಿ ಗಾಜಿನ ಪುಡಿ. ಎಣ್ಣೆಯಲ್ಲಿ ಅದು ಕಾಲ ಕಳೆದಂತೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹಾಗೇ ಹಳದಿಯ ಒಂದು ಜಾತಿ ಬಿಸಿಲಿಗೆ ಹಾರಿಹೋಗಿ ಎಷ್ಟೋ ಡಚ್ ಚಿತ್ರಗಳ ಮರಗಳು ನೀಲಿ ಹೊಡೆಯುತ್ತವೆ. ಹಾಗಾದರೆ ನಾವು ಯಾವುದನ್ನು ನಕಲು ಮಾಡಬೇಕು, ಅವನು ಹಚ್ಚಿದ್ದನ್ನೋ ಈಗ ಕಾಣುವುದನ್ನೋ? ಈಗ ಕಾಣುವುದನ್ನೇ. ಊಹೆ ಮಾಡುತ್ತಾ ಕೂತರೆ ಕೆಲಸ ಆಗುವುದಿಲ್ಲ.

ಬ್ರಷ್ಷು: ಹಂದಿ ಕೂದಲಿನ ಚಪ್ಪಟೆ ಬ್ರಷ್ಷು 8 ಮತ್ತು 4 ನಂಬರಿನವು, ಮೆತ್ತನೆಯ ಚಪ್ಪಟೆ 2 ನಂಬರು, ಸಣ್ಣ ದುಂಡನೆಯದು ಒಂದು. ಪ್ಯಾಲೆಟ್ಟಿಗೆ ದುಡ್ಡು ಹಾಕಬೇಡಿ. ಹಳೇ ಫೋಟೊ ಫ್ರೇಮಿನ ಗಾಜು ತೆಗೆದು, ಅಂಚಿಗೆ ಟೇಪ್ ಸುತ್ತಿ, ಕೆಳಗೆ ಬೂದಿ ಬಣ್ಣದ ಕಾಗದ ಇಡಿ. ಬಿಳಿ ಪ್ಯಾಲೆಟ್ ಮೇಲೆ ಎಲ್ಲಾ ಬಣ್ಣವೂ ಕಪ್ಪಾಗಿ ಕಾಣುತ್ತದೆ, ಬೂದಿಯ ಮೇಲೆ ಸರಿಯಾಗಿ ಕಾಣುತ್ತದೆ. ತೆಳು ಮಾಡಲು ಚಿತ್ರಕ್ಕೆ ಬಳಸುವ ಟರ್ಪೆಂಟೈನ್ ತನ್ನಿ. ಬಾಗಿಲಿಗೆ ಹಚ್ಚುವ ಬಣ್ಣದ ಥಿನ್ನರ್ ತರಬೇಡಿ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಎರಡೂ ಬೇಡ, ತಲೆ ಹಿಡಿಯುತ್ತದೆ.

ಪ್ರಿಂಟು, ಅಳತೆ, ಮೊದಲ ಪದರ

ಮಾರಿತ್ಸ್‌ಹೌಸ್‌ನವರು ಚಿತ್ರದ ದೊಡ್ಡ ಫೈಲನ್ನು ಬಿಟ್ಟಿಯಾಗಿ ಇಳಿಸಿಕೊಳ್ಳಲು ಕೊಡುತ್ತಾರೆ. ಮೊಬೈಲ್ ನೋಡಿಕೊಂಡು ಬಿಡಿಸಬೇಡಿ. ಪರದೆಯ ಬೆಳಕು ಕಣ್ಣಿಗೆ ಮೋಸ ಮಾಡುತ್ತದೆ, ಬಣ್ಣ ಎಷ್ಟು ಬಿಳಿ ಮಾಡಿದರೂ ಸಾಲದು ಅನ್ನಿಸುತ್ತದೆ. ಕಲರ್ ಲ್ಯಾಬಿನಲ್ಲಿ ಮ್ಯಾಟ್ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಜೊತೆಗೆ ಝೆರಾಕ್ಸ್ ಅಂಗಡಿಯಲ್ಲಿ ಅದರದ್ದೇ ಕಪ್ಪು ಬಿಳುಪು ಪ್ರತಿ ಒಂದು. ನಿಜ ಹೇಳಬೇಕೆಂದರೆ ಮೊದಲ ವಾರ ಬೇಕಾಗುವುದು ಈ ಝೆರಾಕ್ಸೇ. ಮೊಬೈಲನ್ನು ಮೋಡದ ಅಂಚು ದೊಡ್ಡದು ಮಾಡಿ ನೋಡಲು ಮಾತ್ರ ಇಟ್ಟುಕೊಳ್ಳಿ.

ಕ್ಯಾನ್ವಾಸ್ 12 ಇಂಚು ಎತ್ತರ, 16 ಇಂಚು ಅಗಲದ್ದು ಸುಲಭವಾಗಿ ಸಿಗುತ್ತದೆ. ಮೂಲ ಚಿತ್ರದ ಅಳತೆಗೆ ಹೊಂದಬೇಕಾದರೆ 12 ಇಂಚು ಎತ್ತರಕ್ಕೆ ಸುಮಾರು 13.4 ಇಂಚು ಅಗಲ ಬೇಕು. ಅಲ್ಲಿಗೆ ಗೆರೆ ಎಳೆಯಿರಿ. ಬಲಗಡೆ ಎರಡೂವರೆ ಇಂಚಿನ ಪಟ್ಟಿ ಉಳಿಯುತ್ತದಲ್ವಾ, ಅದು ಬಣ್ಣ ಹಚ್ಚಿ ನೋಡುವ ಜಾಗ. ಪ್ಯಾಲೆಟ್ಟಿನಲ್ಲಿ ಸರಿ ಕಂಡ ಬಣ್ಣ ಕ್ಯಾನ್ವಾಸ್ ಮೇಲೆ ಬೇರೆಯೇ ಕಾಣುತ್ತದೆ. ಪಟ್ಟಿ ಇದ್ದರೆ ಹೆದರಿಕೆ ಇಲ್ಲ.

ಬಿಳಿ ಕ್ಯಾನ್ವಾಸ್ ಮೇಲೆ ನೇರ ಶುರು ಮಾಡಬೇಡಿ. ರಾ ಅಂಬರ್‌ಗೆ ಚೂರು ಓಕರ್ ಬೆರೆಸಿ, ಟರ್ಪೆಂಟೈನಿನಲ್ಲಿ ನೀರಾಗಿ ಮಾಡಿ, ಇಡೀ ಕ್ಯಾನ್ವಾಸಿಗೆ ಹಚ್ಚಿ ಬಟ್ಟೆಯಿಂದ ಒರೆಸಿ. ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ ಬಂದರೆ ಸಾಕು. ಆ ಕಾಲದ ಡಚ್ಚರೂ ಹೀಗೆ ಮಣ್ಣು ಬಣ್ಣದ ತಳದ ಮೇಲೆ ಬಿಡಿಸುತ್ತಿದ್ದರು. ನಾಳೆ ಮೋಡದ ಸಂದಿಯಲ್ಲಿ ಅದೇ ತಳ ಅಲ್ಲಲ್ಲಿ ಇಣುಕಿದರೆ ಆಕಾಶ ಬೆಚ್ಚಗಾಗುತ್ತದೆ.

ತಳ ಒಣಗಿದ ಮೇಲೆ ಚೌಕುಳಿ. ಬೋರ್ಡ್ ಬರೆಯುವವರಿಗೆ ಇದು ಹೊಸದಲ್ಲ. ಚೀಟಿಯ ಮೇಲಿನ ಚಿತ್ರವನ್ನು ಗೋಡೆಯಷ್ಟು ಮಾಡುತ್ತಿದ್ದದ್ದು ಚೌಕುಳಿ ಹಾಕಿಯೇ. ಪ್ರಿಂಟಿನ ಮೇಲೆ ಉದ್ದಕ್ಕೆ ಆರು, ಅಡ್ಡಕ್ಕೆ ಆರು ಮನೆ ಹಾಕಿ, ಕ್ಯಾನ್ವಾಸ್ ಮೇಲೂ ಅಷ್ಟೇ ಹಾಕಿ. ಮೊದಲು ನೆಲ ಆಕಾಶ ಸೇರುವ ಗೆರೆ. ಅದನ್ನು ಪ್ರಿಂಟಿನಿಂದ ಅಳೆದೇ ಹಾಕಿ. ಕಣ್ಣಳತೆಯಲ್ಲಿ ಹಾಕಿದ ಎಲ್ಲರೂ ಅದನ್ನು ಮೇಲಕ್ಕೇ ಹಾಕುತ್ತಾರೆ, ಯಾಕೆಂದರೆ ನೆಲದಲ್ಲಿ ಏನೇನೋ ಇದೆ, ಆಕಾಶದಲ್ಲಿ ಏನೂ ಇಲ್ಲ ಅಂತ ಮನಸ್ಸು ಹೇಳುತ್ತದೆ. ಗೆರೆ ಅರ್ಧ ಇಂಚು ಮೇಲೆ ಹೋದರೂ ಆಕಾಶ ಸಣ್ಣದಾಗಿಬಿಡುತ್ತದೆ. ಆಮೇಲೆ ಚರ್ಚಿನ ಜಾಗ, ದೊಡ್ಡ ಮೋಡಗಳ ಹೊರಗೆರೆ, ಬೆಳಕು ಬಿದ್ದ ಪಟ್ಟಿಗಳು. ಮನೆ ಮರ ಈಗ ಬೇಡ.

ಮೊದಲ ಪದರಕ್ಕೆ ಒಂದೇ ಬಣ್ಣ, ರಾ ಅಂಬರ್. ಎಣ್ಣೆ ಹಾಕದೆ ಬರೀ ಟರ್ಪೆಂಟೈನಿನಲ್ಲಿ. ಝೆರಾಕ್ಸ್ ಪ್ರತಿಯನ್ನು ಎದುರಿಗಿಟ್ಟು, ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣಪುಟ್ಟದ್ದೆಲ್ಲ ಮಾಯವಾಗಿ ನಾಲ್ಕೈದು ತುಂಡು ಉಳಿಯುತ್ತವೆ: ಮುಂದಿನ ದಿಬ್ಬ ಕಪ್ಪು, ಅದರಾಚೆ ಬಟ್ಟೆ ಹಾಸಿದ ಜಾಗ ಬೆಳ್ಳಗೆ, ಮತ್ತೆ ಮರಗಳ ಕಪ್ಪು ಪಟ್ಟಿ, ಮತ್ತೆ ಒಂದು ಬೆಳಕಿನ ಹೊಲ, ಕೊನೆಗೆ ಊರು. ಮೋಡದ ನೆರಳು ಬಯಲಿನ ಮೇಲೆ ಬಿದ್ದು ಹೀಗೆ ಪಟ್ಟಿ ಪಟ್ಟಿಯಾಗಿದೆ. ಕಪ್ಪು ಕಾಣುವ ಜಾಗಕ್ಕೆ ಅಂಬರ್ ಹಚ್ಚಿ, ಬೆಳಕಿನ ಜಾಗವನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಡಚ್ಚರು ಈ ಹಂತವನ್ನು ಸತ್ತ ಬಣ್ಣ ಅನ್ನುತ್ತಿದ್ದರು. ನೋಡಲು ಹಾಗೇ ಇರುತ್ತದೆ. ಆದರೆ ಇದು ಸರಿ ಬಂದರೆ ಅರ್ಧ ಕೆಲಸ ಮುಗಿಯಿತು.

ಎಣ್ಣೆಬಣ್ಣದಲ್ಲಿ ಒಂದು ಕಾಯಿದೆ ಇದೆ: ಕೆಳಗಿನ ಪದರದಲ್ಲಿ ಎಣ್ಣೆ ಕಮ್ಮಿ, ಮೇಲಿನದರಲ್ಲಿ ಜಾಸ್ತಿ. ಎಣ್ಣೆಬಣ್ಣ ನೀರಿನ ಹಾಗೆ ಆರುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಎಣ್ಣೆ ಜಾಸ್ತಿ ಇದ್ದಷ್ಟೂ ನಿಧಾನ. ನಿಧಾನ ಒಣಗುವುದರ ಮೇಲೆ ಬೇಗ ಒಣಗುವುದನ್ನು ಹಚ್ಚಿದರೆ ಮೇಲಿನದು ಬಿರುಕು ಬಿಡುತ್ತದೆ. ನಾನು ಹೇಳುವ ಲೆಕ್ಕ ಸುಲಭ: ಮೊದಲ ಪದರಕ್ಕೆ ಬರೀ ಟರ್ಪೆಂಟೈನ್, ಎರಡನೆಯದಕ್ಕೆ ಎಣ್ಣೆ ಟರ್ಪೆಂಟೈನ್ ಅರ್ಧರ್ಧ, ಕೊನೆಯದಕ್ಕೆ ಎರಡು ಪಾಲು ಎಣ್ಣೆಗೆ ಒಂದು ಪಾಲು ಟರ್ಪೆಂಟೈನ್.

ಆಕಾಶ

ಇದನ್ನು ಆಷಾಢದಲ್ಲಿ ಮಾಡಿ. ನಮ್ಮ ಕಡೆ ಆಷಾಢದ ಮೋಡ ಮಳೆ ಕೊಡುವುದು ಕಮ್ಮಿ, ಓಡುವುದು ಜಾಸ್ತಿ. ರೈತರಿಗೆ ಸಂಕಟ, ಕಲಿಯುವವನಿಗೆ ಪಾಠ. ಮಾಳಿಗೆ ಮೇಲೆ ನಿಂತು ನೋಡಿ. ನೆತ್ತಿಯ ಮೇಲಿನ ಮೋಡ ದೊಡ್ಡದು, ಅದರ ಹೊಟ್ಟೆ ಕಾಣುತ್ತದೆ. ದೂರ ಹೋದಂತೆ ಸಣ್ಣದಾಗುತ್ತಾ, ಚಪ್ಪಟೆಯಾಗುತ್ತಾ, ಕೊನೆಗೆ ನೆಲದ ಹತ್ತಿರ ಬರೀ ಅಡ್ಡ ಗೆರೆಗಳಾಗುತ್ತವೆ. ಅಂದರೆ ಆಕಾಶವೂ ಒಂದು ಬಯಲು, ತಲೆಯ ಮೇಲೆ ಹಾಸಿದ್ದು. ರೈಸ್‌ಡಾಲ್ ಇದನ್ನು ಚೆನ್ನಾಗಿ ತಿಳಿದಿದ್ದ. ಪ್ರಿಂಟ್ ಮೇಲೆ ಸ್ಕೇಲ್ ಇಟ್ಟು ಮೋಡಗಳನ್ನು ಅಳೆದರೆ ನಿಮಗೇ ಕಾಣುತ್ತದೆ.

ಬಣ್ಣವನ್ನು ಮೊದಲೇ ಕಲಸಿಟ್ಟುಕೊಳ್ಳಿ. ಆಕಾಶವನ್ನು ಹಸಿ ಇರುವಾಗಲೇ ಒಂದು ಕೂತಿಗೆ ಮುಗಿಸಬೇಕು, ಮಧ್ಯದಲ್ಲಿ ಕಲಸುತ್ತಾ ಕೂತರೆ ಆಗುವುದಿಲ್ಲ. ನಾಲ್ಕು ಗುಡ್ಡೆ ಮಾಡಿ. ಒಂದು, ನೀಲಿ: ಬಿಳಿಗೆ ಅಲ್ಟ್ರಾಮರೀನ್ ಚೂರು, ಅದನ್ನು ಮಂಕು ಮಾಡಲು ಕಪ್ಪು ಚೂರು. ಎರಡು, ಮೋಡದ ಬೆಳಕು: ಬಿಳಿಗೆ ಗುಂಡುಸೂಜಿ ತಲೆಯಷ್ಟು ಓಕರ್. ಮೂರು, ಮೋಡದ ನೆರಳು: ಬಿಳಿ, ಕಪ್ಪು, ಸ್ವಲ್ಪ ಓಕರ್. ನಾಲ್ಕು, ಕಡುನೆರಳು: ಮೂರನೆಯದಕ್ಕೇ ಇನ್ನಷ್ಟು ಕಪ್ಪು, ಬರ್ನ್ಟ್ ಸಿಯೆನ್ನಾ ತುಸು. ಬರೀ ಕಪ್ಪು ಬಿಳಿ ಬೆರೆಸಿದರೆ ನೀಲಿ ಹೊಡೆಯುತ್ತದೆ. ಅದು ಒಳ್ಳೆಯದೇ, ಓಕರ್ ಹಾಕಿದ ಬೂದಿಯ ಪಕ್ಕ ಇಟ್ಟರೆ ಆಕಾಶದ ಸಂದಿ ಅಂತಲೇ ಕಾಣುತ್ತದೆ. ಎಷ್ಟೋ ಕಡೆ ಟ್ಯೂಬಿನ ನೀಲಿಯೇ ಬೇಕಾಗುವುದಿಲ್ಲ.

ನೀಲಿಯಿಂದ ಶುರು ಮಾಡಿ, ಮೇಲಿಂದ ಕೆಳಕ್ಕೆ. ಕೆಳಗೆ ಬಂದಂತೆ ಬಿಳಿ ಜಾಸ್ತಿ ಮಾಡಿ, ನೆಲದ ಹತ್ತಿರ ಚೂರು ಓಕರ್. ಆಮೇಲೆ ಮೋಡದ ನೆರಳು, ದೊಡ್ಡ ಬ್ರಷ್ಷಿನಲ್ಲಿ. ಕೊನೆಗೆ ಬೆಳಕು. ಬೆಳಕನ್ನು ತೆಳ್ಳಗೆ ಹಚ್ಚಬೇಡಿ. ಬ್ರಷ್ಷಿನ ತುದಿಗೆ ಗಟ್ಟಿ ಬಣ್ಣ ತೆಗೆದುಕೊಂಡು ಇಟ್ಟು ಕೈ ತೆಗೆಯಿರಿ. ನೆರಳು ತೆಳು, ಬೆಳಕು ದಪ್ಪ. ಮೂಲ ಚಿತ್ರದ ಫೈಲನ್ನು ದೊಡ್ಡದು ಮಾಡಿ ನೋಡಿದರೆ ಮೋಡದ ಬಿಳಿಯಲ್ಲಿ ಬ್ರಷ್ಷು ಹೋದ ದಾರಿ ಕಾಣುತ್ತದೆ.

ಮೋಡದ ಅಂಚಿನಲ್ಲಿ ಎಲ್ಲರೂ ಎಡವುತ್ತಾರೆ. ಒಂದು ಮೋಡವನ್ನೇ ಹಿಡಿದು ನೋಡಿ. ಬೆಳಕು ಬಿದ್ದ ಕಡೆ ಅಂಚು ಕತ್ತರಿಸಿದ ಹಾಗಿದೆ, ಅದೂ ಅಲ್ಲಲ್ಲಿ ಮಾತ್ರ. ನೆರಳಿನ ಕಡೆ ಅಂಚು ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ. ಸುತ್ತಲೂ ಒಂದೇ ಥರ ಅಂಚು ಮಾಡಿದರೆ ಅದು ಮೋಡ ಆಗುವುದಿಲ್ಲ, ಅಂಟಿಸಿದ ಹತ್ತಿ ಆಗುತ್ತದೆ. ಅಂಚನ್ನು ಕಳೆಯಲು ಒಣ ಬ್ರಷ್ಷು ತೆಗೆದುಕೊಳ್ಳಿ, ಬಣ್ಣ ಇಲ್ಲದ್ದು. ಹಸಿ ಬಣ್ಣದ ಮೇಲೆ ಗಾಳಿ ಹೋದ ಹಾಗೆ ಒಂದೇ ಸಲ ಎಳೆಯಿರಿ. ಎರಡನೇ ಸಲ ಎಳೆಯುವ ಮುಂಚೆ ಬ್ರಷ್ಷನ್ನು ಬಟ್ಟೆಗೆ ಒರೆಸಿ. ಒರೆಸದೆ ಎಳೆದರೆ ನೆರಳಿನ ಬೂದಿ ಬೆಳಕಿನೊಳಗೆ ಹೋಗಿ ಆಕಾಶ ಪೂರಾ ರಾಡಿಯಾಗುತ್ತದೆ. ರಾಡಿಯಾದರೆ ಉಜ್ಜುತ್ತಾ ಕೂರಬೇಡಿ. ಚಾಕುವಿನಿಂದ ಆ ಜಾಗ ಕೆರೆದು ತೆಗೆದು ಹೊಸದಾಗಿ ಹಚ್ಚಿ. ಎಣ್ಣೆಬಣ್ಣದ ಸುಖವೇ ಅದು. ಎನಾಮೆಲ್ ಒಮ್ಮೆ ಕೂತರೆ ಕೂತಿತು, ಇದು ದಿನವಿಡೀ ನಿಮ್ಮ ಮಾತು ಕೇಳುತ್ತದೆ.

ಮಧ್ಯೆ ಮಧ್ಯೆ ಪ್ರಿಂಟು ಕ್ಯಾನ್ವಾಸು ಎರಡನ್ನೂ ತಲೆಕೆಳಗು ಮಾಡಿ ನೋಡಿ. ಕನ್ನಡಿಯಲ್ಲಿ ನೋಡಿದರೂ ಆಯಿತು. ತಪ್ಪು ತಾನಾಗಿಯೇ ಎದ್ದು ಕಾಣುತ್ತದೆ.

ಬಿಸಿಲು, ಧೂಳು, ಚಿಂದಿ

ಅಂಬರ್ ಬೇಗ ಒಣಗುತ್ತದೆ, ಎರಡು ಮೂರು ದಿನ. ಬಿಳಿ ಜಾಸ್ತಿ ಇರುವ ಆಕಾಶಕ್ಕೆ ಒಂದು ವಾರ ಬಿಡಿ, ಗಟ್ಟಿ ಬಣ್ಣ ಇದ್ದರೆ ಇನ್ನೂ ಜಾಸ್ತಿ. ಬೆರಳಿಗೆ ಅಂಟದಿದ್ದರೆ ಮುಂದಿನ ಪದರ ಹಚ್ಚಬಹುದು. ಬೇಗ ಒಣಗಲಿ ಅಂತ ಮಟಮಟ ಮಧ್ಯಾಹ್ನದ ಬಿಸಿಲಿಗೆ ಇಡಬೇಡಿ, ಮೇಲೆ ಚರ್ಮ ಕಟ್ಟಿ ಸುಕ್ಕಾಗುತ್ತದೆ. ನಮ್ಮೂರಿನಲ್ಲಿ ಬಿಸಿಲಿಗಿಂತ ಧೂಳಿನದೇ ಕಾಟ. ಎರಿ ಮಣ್ಣಿನ ಧೂಳು ಹಸಿ ಬಣ್ಣಕ್ಕೆ ಕೂತರೆ ಬಿಡುವುದಿಲ್ಲ. ಕ್ಯಾನ್ವಾಸನ್ನು ಗೋಡೆಗೆ ಮುಖ ಮಾಡಿ, ಮೇಲ್ಭಾಗ ಗೋಡೆಗೆ ಒರಗುವ ಹಾಗೆ ಓರೆಯಾಗಿ ಇಡಿ. ಮುಖ ಕೆಳಕ್ಕಿದ್ದರೆ ಧೂಳು ಹಿಂಬದಿಗೆ ಬೀಳುತ್ತದೆ. ಫ್ಯಾನ್ ಹಾಕಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅಗಸೆ ಎಣ್ಣೆ ಹತ್ತಿದ ಚಿಂದಿ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲಾರದೆ ತಾನಾಗಿಯೇ ಬೆಂಕಿ ಹತ್ತುತ್ತದೆ. ಯಾರೂ ಕಡ್ಡಿ ಗೀರಬೇಕಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗಂತೂ ಕೇಳುವುದೇ ಬೇಡ. ಚಿಂದಿಯನ್ನು ಬಿಡಿಸಿ ಹೊರಗೆ ನೆರಳಿನಲ್ಲಿ ಒಂದೊಂದಾಗಿ ಹರವಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

ನೆಲ ಮತ್ತು ಬಟ್ಟೆ

ಆಕಾಶ ಒಣಗಿದ ಮೇಲೆ ಹಿಂದಿನಿಂದ ಮುಂದಕ್ಕೆ ಬನ್ನಿ. ಮೊದಲು ದೂರದ ಊರು. ಆಕಾಶದ ಬೂದಿಗೇ ಸ್ವಲ್ಪ ಅಂಬರ್ ಸೇರಿಸಿ, ಹತ್ತಿರದ ಆಕಾಶಕ್ಕಿಂತ ಒಂದು ಮೆಟ್ಟಿಲು ಕಪ್ಪು ಮಾಡಿ. ಚರ್ಚಿನ ಕಿಟಕಿ ಬಾಗಿಲು ಬಿಡಿಸಬೇಡಿ. ದೂರದಲ್ಲಿ ಆಕಾರ ಮಾತ್ರ ಇರುತ್ತದೆ, ವಿವರ ಇರುವುದಿಲ್ಲ. ನಾನು ಹೋಟೆಲ್ ಬೋರ್ಡುಗಳ ಮೇಲೆ ಗೋಲಗುಮ್ಮಟ ಬಿಡಿಸುವಾಗ ಮಾಲೀಕರಿಗೆ ಎಲ್ಲಾ ಕಮಾನೂ ಬೇಕಿತ್ತು. ಅದು ಬೋರ್ಡು, ಅಲ್ಲಿ ನಡೆಯುತ್ತದೆ. ಇಲ್ಲಿ ಕಮಾನು ಎಣಿಸಿದಷ್ಟೂ ಕಟ್ಟಡ ಹತ್ತಿರ ಬಂದು ಬಯಲು ಸಾಯುತ್ತದೆ.

ಹೊಲಗಳಿಗೆ ಕಪ್ಪು ಓಕರ್ ಬೆರೆಸಿದ ಹಸಿರು. ಬೆಳಕಿನ ಪಟ್ಟಿಗೆ ಓಕರ್ ಮತ್ತು ಬಿಳಿ ಜಾಸ್ತಿ, ನೆರಳಿನ ಪಟ್ಟಿಗೆ ಅಂಬರ್ ಜಾಸ್ತಿ. ಅಡ್ಡ ಅಡ್ಡ ಎಳೆಯಿರಿ. ಮರಗಳನ್ನು ಗುಂಪಾಗಿ ಕಪ್ಪಾಗಿ ಇಟ್ಟು, ತಲೆಯ ಮೇಲೆ ಮಾತ್ರ ಎರಡು ಮೂರು ಬೆಳಕಿನ ಚುಕ್ಕೆ. ಮನೆಗಳ ಹೆಂಚಿಗೆ ಬರ್ನ್ಟ್ ಸಿಯೆನ್ನಾಗೆ ಚೂರು ಕೆಂಪು. ಇಷ್ಟೂ ಬೇಗ ಮುಗಿಯುತ್ತದೆ.

ಬಟ್ಟೆಗೆ ಮಾತ್ರ ಸಮಯ ಕೊಡಿ. 2 ನಂಬರಿನ ಚಪ್ಪಟೆ ಬ್ರಷ್ಷು ತೊಳೆದು ಪೂರಾ ಒಣಗಿಸಿ. ಬಿಳಿಗೆ ಓಕರ್ ಕಂಡೂ ಕಾಣದಷ್ಟು. ಎಣ್ಣೆ ಬೇಡ, ಟ್ಯೂಬಿನಿಂದ ಬಂದ ಹಾಗೇ ಗಟ್ಟಿಯಾಗಿರಲಿ. ಬ್ರಷ್ಷಿನ ಅಂಚಿಗೆ ಮಾತ್ರ ಬಣ್ಣ ತೆಗೆದುಕೊಂಡು, ಅಂಚನ್ನು ಕ್ಯಾನ್ವಾಸಿಗೆ ಮುಟ್ಟಿಸಿ, ಉಗುರಿನಷ್ಟು ಉದ್ದ ಎಳೆದು ಎತ್ತಿ. ಒಂದು ಬಟ್ಟೆ ಆಯಿತು. ಎರಡನೇ ಸಲ ಮುಟ್ಟಬೇಡಿ. ಹತ್ತಿರದ ಬಟ್ಟೆ ಅಗಲ, ಹಿಂದೆ ಹೋದಂತೆ ಸಣ್ಣ, ಕೊನೆಯವು ಕೂದಲೆಳೆ. ಓರೆ ಕೋನ ಪ್ರಿಂಟ್ ನೋಡಿಕೊಂಡೇ ಹಾಕಿ, ಯಾಕೆಂದರೆ ನೆಲ ಮಲಗಿದೆ ಅಂತ ಕಣ್ಣಿಗೆ ಹೇಳುವುದು ಆ ಓರೆಯೇ. ಕೈ ನಡುಗಿದರೆ ಬೋರ್ಡ್ ಬರೆಯುವವರ ಉಪಾಯ ಮಾಡಿ: ಒಂದು ಕೋಲಿನ ತುದಿಗೆ ಬಟ್ಟೆ ಸುತ್ತಿ, ಆ ತುದಿಯನ್ನು ಚೌಕಟ್ಟಿನ ಅಂಚಿಗೆ ಊರಿ, ಕೋಲಿನ ಮೇಲೆ ಮುಂಗೈ ಇಟ್ಟುಕೊಳ್ಳಿ. ಡಚ್ ಚಿತ್ರಕಾರರೂ ಇಂಥದೇ ಕೋಲು ಇಟ್ಟುಕೊಂಡಿದ್ದರು.

ಬಟ್ಟೆ ಹಾಕಿದ ಮೇಲೂ ಅದು ಹೊಳೆಯದಿದ್ದರೆ ಬಿಳಿ ಜಾಸ್ತಿ ಮಾಡಬೇಡಿ. ಟ್ಯೂಬಿನ ಬಿಳಿಗಿಂತ ಬಿಳಿ ಇಲ್ಲ. ಮುಂದಿನ ದಿಬ್ಬವನ್ನು ಕಪ್ಪು ಮಾಡಿ. ನೆಲ ಒಣಗಿದ ಮೇಲೆ ರಾ ಅಂಬರ್‌ಗೆ ಎಣ್ಣೆ ಬೆರೆಸಿ, ಕೆಳಗಿನದು ಕಾಣುವಷ್ಟು ತೆಳ್ಳಗೆ ದಿಬ್ಬದ ಮೇಲೆ ಹಚ್ಚಿ, ಬಟ್ಟೆಯಿಂದ ಅಲ್ಲಲ್ಲಿ ಒತ್ತಿ ತೆಗೆಯಿರಿ. ದಿಬ್ಬ ಕೆಳಕ್ಕೆ ಇಳಿಯುತ್ತದೆ, ಬಿಳಿ ತಾನಾಗಿ ಮೇಲೆ ಬರುತ್ತದೆ. ಹೋದ ಸಲ ಒಬ್ಬ ಹುಡುಗಿ ಇದನ್ನು ಮಾಡಿದವಳೇ, "ಸರ್, ನಾ ಬಟ್ಟಿ ಮುಟ್ಟೇ ಇಲ್ಲ, ಬಿಸಿಲು ಬಿತ್ತಲ್ರಿ!" ಅಂದಳು.

ಒಂದು ನಕಲು ಮುಗಿದ ಮೇಲೆ ಎರಡನೆಯದು ನಿಮ್ಮದೇ ಇರಲಿ. ಅದೇ ಅಳತೆ, ಅದೇ ಕೆಳಗಿನ ಗೆರೆ, ಅದೇ ಪಟ್ಟಿಗಳು. ಚರ್ಚಿನ ಜಾಗದಲ್ಲಿ ಗುಮ್ಮಟ, ಬಟ್ಟೆಯ ಜಾಗದಲ್ಲಿ ಬೆಳಕು ಬಿದ್ದ ಕಣವೋ ಕೆರೆಯೋ. ಊರ ಹೊರಗೆ ಯಾವುದಾದರೂ ಮಡ್ಡಿ ಏರಿ ನಿಂತು ಪೆನ್ಸಿಲಿನಲ್ಲಿ ನೆರಳಿನ ಪಟ್ಟಿ ಗುರುತು ಹಾಕಿಕೊಂಡು ಬನ್ನಿ. ಮೋಡ ಓಡುತ್ತದೆ, ಪಟ್ಟಿ ಬದಲಾಗುತ್ತಲೇ ಇರುತ್ತದೆ. ಒಂದನ್ನು ಆರಿಸಿ ನಿಲ್ಲಿಸಿ. ರೈಸ್‌ಡಾಲ್ ಕೂಡ ಅಷ್ಟೇ ಮಾಡಿದ್ದು, ಹಾರ್ಲೆಮ್‌ನ್ನು ಹೀಗೆ ಮತ್ತೆ ಮತ್ತೆ ಬಿಡಿಸಿದ. ಹುಡುಕಿದರೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಝ್ಯೂರಿಕ್‌ನಲ್ಲಿ ಇರುವ ಅಂಥ ಚಿತ್ರಗಳೂ ಸಿಗುತ್ತವೆ, ಪಕ್ಕಪಕ್ಕ ಇಟ್ಟು ಪಟ್ಟಿ ಎಲ್ಲೆಲ್ಲಿ ಸರಿಸಿದ್ದಾನೆ ಅಂತ ನೋಡಿ.

ನಕಲಿನ ಹಿಂಬದಿಯಲ್ಲಿ 'ರೈಸ್‌ಡಾಲ್‌ನ ಚಿತ್ರ ನೋಡಿ ಮಾಡಿದ್ದು' ಅಂತ ಬರೆದು, ನಿಮ್ಮ ಹೆಸರು, ಇಸವಿ ಹಾಕಿ. ಮುಂದುಗಡೆ ಅವನ ಸಹಿ ನಕಲು ಮಾಡಬೇಡಿ. ವಾರ್ನಿಷ್‌ಗೆ ಆರು ತಿಂಗಳಾದರೂ ಕಾಯಿರಿ, ಮೋಡ ದಪ್ಪಗಿದ್ದರೆ ಒಂದು ವರ್ಷ. ಅಲ್ಲಿಯವರೆಗೆ ಗೋಡೆಗೆ ಹಾಗೇ ತೂಗುಹಾಕಬಹುದು, ಆದರೆ ಅಡುಗೆಮನೆಯ ಬಾಗಿಲ ಎದುರಿನ ಗೋಡೆ ಬೇಡ. ಒಗ್ಗರಣೆಯ ಹೊಗೆ ಮೊದಲು ಹೋಗಿ ಕೂರುವುದು ಬಿಳಿ ಬಣ್ಣದ ಮೇಲೇ.